ಒಂದೇ ಸಾಲಿಗೆ ಎರಡು ಬಣ್ಣ

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ಬಣ್ಣದ ಪೆನ್ನೆಂದರೆ ಮಕ್ಕಳ ಆಟದ ಸಾಮಾನು ಎಂದುಕೊಂಡಿದ್ದವಳು ನಾನು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಇನ್ನೇನು ಗೊತ್ತಿರುತ್ತದೆ ಹೇಳಿ.

ನಂಜನಗೂಡಿನ ಕಡೆಯ ನಮ್ಮೂರ ನೂಲುವ ಕೇಂದ್ರಕ್ಕೆ ಮೈಸೂರಿನಿಂದ ರಶ್ಮಿ, ಸವಿತಾ ಎಂಬ ಇಬ್ಬರು ಓದುವ ಹುಡುಗಿಯರು ಬಂದು, ನಮ್ಮ ಮಾತನ್ನೆಲ್ಲ ಫೋನಿಗೆ ತುಂಬಿಕೊಂಡು ಹೋಗಿದ್ದರು. ತಿಂಗಳಾದ ಮೇಲೆ ಅದನ್ನೇ ಹಾಳೆಗೆ ಇಳಿಸಿ ತಂದರು. ಒಬ್ಬಳು ಹಾಕಿದ ಗುರುತನ್ನು ಇನ್ನೊಬ್ಬಳು ನೋಡದ ಹಾಗೆ, ಅಕ್ಕರೆಯ ಮಾತಿಗೆ ಹಸಿರು, ಹೊಟ್ಟೆಕಿಚ್ಚಿನ ಮಾತಿಗೆ ಕೆಂಪು ಎಳೆದಿದ್ದರು. ಇಬ್ಬರ ಬಣ್ಣ ಒಂದಾದರೆ ಮಾತು ಗಟ್ಟಿ. ಆಗದಿದ್ದರೆ ಕೂತು ಚರ್ಚೆ. ಅದಕ್ಕೂ ಬಗ್ಗದಿದ್ದರೆ ಆ ಸಾಲು ಅವರು ಬರೆಯುತ್ತಿದ್ದ ಪುಸ್ತಕದಿಂದ ಆಚೆ. ಇದೇನು ದೊಡ್ಡ ವಿದ್ಯೆಯಲ್ಲ. ನಾವೂ ನೂಲಿನ ಲಡಿಯನ್ನು ಇಬ್ಬರ ಕೈಗೆ ಬೇರೆ ಬೇರೆ ಕೊಟ್ಟು, ಮುಟ್ಟಿ ನೋಡಿಸಿಯೇ ಒಪ್ಪುವುದು. ಒಬ್ಬಳ ಬೆರಳನ್ನೇ ನಂಬಿದರೆ ಕೆಟ್ಟೆವು.

ಪಕ್ಕದ ಚರಕದವಳು ನನ್ನ ವಾರಗಿತ್ತಿ ನಿಂಗಿ, ತಿ. ನರಸೀಪುರದಿಂದ ಬಂದವಳು. ಅವಳ ಮಾತೆಲ್ಲ ಎರಡು ಹಾಳೆಯಲ್ಲೂ ಹಸಿರೋ ಹಸಿರು, ಕಾಲುವೆ ಬಯಲಿನ ಭತ್ತದ ಹಾಗೆ. ನೂಲು ಸಣ್ಣ, ಮಾತು ನುಣುಪು. ಆ ಹೆಂಗಸಿಗೆ ದೇವರು ಏನು ತಾನೆ ಕೊಟ್ಟಿಲ್ಲ? ತಕರಾರು ಬಂದದ್ದು ನನ್ನ ಒಂದೇ ಸಾಲಿಗೆ: "ನಿಂಗಿ ನೂಲೋದ ನೋಡ್ತಾ ಕುಂತ್ರೆ ನನ್ ಕೈ ನಿಂತೋಯ್ತದೆ." ರಶ್ಮಿಯದು ಹಸಿರು, ಸವಿತಾಳದು ಕೆಂಪು.

ನಮ್ಮ ಮುಂದೆಯೇ ಅರ್ಧ ಗಂಟೆ ವಾದ ಮಾಡಿದರೂ ಇಬ್ಬರೂ ಬಗ್ಗಲಿಲ್ಲ. ನಿಂಗಿಯದು ಪೂರ್ತಿ ಪುಸ್ತಕಕ್ಕೆ, ನನ್ನದು ಕಸಕ್ಕೆ ಎಂದು ನನ್ನ ಹೊಟ್ಟೆಯೊಳಗೆ ಒಲೆ ಹೊತ್ತಿತು. ಕೊನೆಗೆ ಸವಿತಾ, "ಅಜ್ಜಿ, ನೀವೇ ಹೇಳಿ, ಇದು ಪ್ರೀತಿನಾ ಹೊಟ್ಟೆಕಿಚ್ಚಾ?" ಎಂದಳು. ನಾನು ಬಾಯಿ ತೆರೆಯುವ ಮುಂಚೆ ನಿಂಗಿ ಅಂದಳು: "ಅದೇನ್ ಕೇಳೀರವ್ವಾ, ನಮ್ಮಕ್ಕನ್ಗೆ ನಾನಂದ್ರೆ ಪ್ರಾಣ. ಅಸ್ರೇ ಆಕ್ಬುಡಿ."

ನಾನು ಹೂಂ ಅಂದೆ. ಸವಿತಾ ಕೆಂಪನ್ನು ಹೊಡೆದುಹಾಕಿ ಹಸಿರು ಎಳೆದಳು. ಸಾಲು ಉಳಿಯಿತು, ಅದರ ಜೊತೆ ಸುಳ್ಳೂ ಉಳಿಯಿತು. ಇಬ್ಬರು ಒಪ್ಪಿದ್ದೆಲ್ಲ ನಿಜವೆಂದು ತಿಳಿಯಬೇಡಿ. ಮೂರನೆಯವಳು ಆಸೆಗೆ ಬಿದ್ದು ತಲೆಯಾಡಿಸಿರಬಹುದು.

ಮಾರನೆಯ ಬೆಳಿಗ್ಗೆ ಒಂದು ಹಿಡಿ ಉಪ್ಪು, ಏಳು ಕೆಂಪು ಮೆಣಸಿನಕಾಯಿ ತೆಗೆದುಕೊಂಡು ನಿಂಗಿಯ ಮನೆಗೆ ಹೋಗಿ, ಅವಳ ನೂಲುವ ಕೈಗೆ ಮೂರು ಸುತ್ತು ನಿವಾಳಿಸಿದೆ.

"ಯಾರ್ ಕಣ್ಣಕ್ಕ ಬಿದ್ದಿರೋದು?"

"ನಂದೇ ಕಣೇ."

ದೃಷ್ಟಿ ತಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಅನ್ನುತ್ತಾರೆ. ಒಲೆಗೆ ಹಾಕಿ ನಾನೂ ಮೂಸಿದೆ, ನಿಂಗಿಯೂ ಮೂಸಿದಳು. ಇಬ್ಬರಿಗೂ ಬರಲಿಲ್ಲ.