ಕಾರ್ಡಿನಲ್ಲಿ ನಾನು ಬರೆದ ಕಸುಬು

2018ರ ಬೇಸಿಗೆಯಲ್ಲಿ ನಾನು ನಂಜನಗೂಡಿನಲ್ಲಿ ಕ್ಷಯರೋಗ ಚಿಕಿತ್ಸಾ ಮೇಲ್ವಿಚಾರಕನಾಗಿದ್ದೆ. ಅದೊಂದು ಸಣ್ಣ ಸೇವಾ ಸಂಸ್ಥೆಯ ಕ್ಲಿನಿಕ್ಕು. ಈಗ ಮುಚ್ಚಿಹೋಗಿದೆ, ಹೆಸರು ಬೇಡ. ರೋಗಿ ಬಂದರೆ ಟ್ರೀಟ್‌ಮೆಂಟ್ ಕಾರ್ಡ್ ತುಂಬುವುದು, ಆರು ತಿಂಗಳು ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು, ತಪ್ಪಿಸಿದವರ ಮನೆಗೆ ಬೈಕಿನಲ್ಲಿ ಹೋಗಿ ಗದರಿಸುವುದು ನನ್ನ ಕೆಲಸ. ಇಪ್ಪತ್ತಾರು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದೆ. ನನ್ನ ಕಾರ್ಡುಗಳಲ್ಲಿ ಒಂದು ಕಾಲಮ್ಮೂ ಖಾಲಿ ಇರುತ್ತಿರಲಿಲ್ಲ, ಒಂದು ಅಕ್ಷರವನ್ನೂ ಹೊಡೆದುಹಾಕಿರುತ್ತಿರಲಿಲ್ಲ. ತಪಾಸಣೆಗೆ ಬಂದವರು ಹೊಗಳುತ್ತಿದ್ದರು, ನಾನು ಉಬ್ಬುತ್ತಿದ್ದೆ.

ಸಿದ್ದರಾಜು ಹೆಡತಲೆ ಕಡೆಯ ಹಳ್ಳಿಯವನು. ಇಪ್ಪತ್ತೊಂಬತ್ತರ ಹುಡುಗ. ಮೂರು ತಿಂಗಳಿಂದ ಕೆಮ್ಮು, ಮೈ ಇಳಿದುಹೋಗಿತ್ತು. ಜೊತೆಯಲ್ಲಿ ಹೆಂಡತಿ ಸುಧಾ, ಅವಳ ಕಂಕುಳಲ್ಲಿ ಎರಡು ವರ್ಷದ ಮಗಳು ಮೈತ್ರಿ. ಕಫದ ಪರೀಕ್ಷೆಯಲ್ಲಿ ಕ್ಷಯದ ಕ್ರಿಮಿ ಸಿಗಲಿಲ್ಲ. ಆದರೆ ಎಕ್ಸ್‌-ರೇಯಲ್ಲಿ ಎರಡೂ ಶ್ವಾಸಕೋಶಗಳ ಮೇಲ್ಭಾಗದಲ್ಲಿ ಚುಕ್ಕೆ ಚುಕ್ಕೆ ನೆರಳಿತ್ತು. ಕಫ ನೆಗೆಟಿವ್ ಬಂದರೂ ಲಕ್ಷಣ ನೋಡಿ, ಎಕ್ಸ್‌-ರೇ ನೋಡಿ ಚಿಕಿತ್ಸೆ ಶುರುಮಾಡುವುದುಂಟು. ವಾರಕ್ಕೆ ಎರಡು ದಿನ ಬರುತ್ತಿದ್ದ ನಮ್ಮ ಡಾಕ್ಟರು ನಾನು ತುಂಬಿದ ಕಾರ್ಡ್ ಓದಿ ಮಾತ್ರೆ ಬರೆದರು.

ಆ ಕಾರ್ಡಿನ ವೃತ್ತಿ ಕಾಲಮ್ಮಿನಲ್ಲಿ ನಾನು ಬರೆದದ್ದು ‘ಕೂಲಿ’ ಎಂದು. ಅವನನ್ನು ಕೇಳಿದ ನೆನಪು ನನಗಿಲ್ಲ. ಊರಿನ ಹೆಸರು, ಬೀದಿಯ ಹೆಸರು ಬರೆಯುತ್ತಿದ್ದ ಹಾಗೆ ಮುಂದಿನದನ್ನು ಕೈ ತಾನಾಗಿಯೇ ಬರೆಯುತ್ತಿತ್ತು. ನಮ್ಮದು ಪೇಟೆಯ ಅಂಗಡಿಯವರ ಮನೆ. ಆ ಬೀದಿಗಳಿಂದ ಬರುವವರೆಲ್ಲ ಕೂಲಿಯವರು ಎಂಬುದನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾಗಿಯೂ ಇರಲಿಲ್ಲ.

ಮಾತ್ರೆ ಶುರುವಾಗಿ ಎರಡು ತಿಂಗಳಾದರೆ ಸಾಮಾನ್ಯವಾಗಿ ರೋಗ ಅಂಟುವ ಭಯ ಇರುವುದಿಲ್ಲ. ಅಷ್ಟು ಹೇಳಿ ಸುಮ್ಮನಿರಬಹುದಿತ್ತು. ಸಣ್ಣ ಮಗು ಮನೆಯಲ್ಲಿದೆಯಲ್ಲ ಎಂದು ನಾನು ಒಂದು ಮಾತು ಜಾಸ್ತಿ ಸೇರಿಸಿದೆ: “ಕೆಮ್ಮು ನಿಲ್ಲೋವರೆಗೂ ಮಗೂನ ಹತ್ತಿರ ಸೇರಿಸಬೇಡಪ್ಪ.”

ಅಂಥ ಇನ್ನೊಬ್ಬ ರೋಗಿಯನ್ನು ನಾನು ಕಾಣಲಿಲ್ಲ. ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ. ಬೀಡಿ ಸೇದುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ, ಗದರಿಸುವುದಕ್ಕೆ ನನಗೆ ಒಂದು ಕಾರಣವನ್ನೂ ಕೊಡಲಿಲ್ಲ. ನಾಲ್ಕನೇ ತಿಂಗಳು ಆ ಕಡೆ ಹೋದಾಗ ಮನೆಗೆ ಹೊಕ್ಕೆ. ಸಿದ್ದರಾಜು ಇರಲಿಲ್ಲ. ಜಗುಲಿಯಲ್ಲಿ ಅವನ ಚಾಪೆ, ತಟ್ಟೆ, ಲೋಟ ಬೇರೆಯೇ ಇದ್ದವು. ಸುಧಾ ಹೇಳಿದಳು:

“ಒಳಕ್ಕೇ ಬರಾಕಿಲ್ಲ ಸಾ. ಮಗು ಅಪ್ಪ ಅಂತ ಓಡೋದ್ರೆ ಬೀದಿಗೆ ಎದ್ದೋಯ್ತಾರೆ. ಕೆಮ್ಮು ನಿಂತಿಲ್ವಲ್ಲ ಇನ್ನೂವೆ.”

ಎಷ್ಟು ಶಿಸ್ತು ಎಂದು ನಾನು ಮೆಚ್ಚಿಕೊಂಡೆ. ಮಾತ್ರೆ ತಿಂದೂ ಕೆಮ್ಮು ಯಾಕೆ ನಿಂತಿಲ್ಲ ಎಂದು ಯೋಚಿಸಲಿಲ್ಲ.

ಊರಿನವರು ಕೂಡಿ ಒಂದು ಬುದ್ಧ ವಿಹಾರ ಕಟ್ಟುತ್ತಿದ್ದರು. ಸಿದ್ದರಾಜು ಅಲ್ಲಿದ್ದಾನೆಂದು ತಿಳಿದು ಹೋದೆ. ಗ್ರಾನೈಟ್ ಕೊಯ್ಯುವ ಮಿಷನ್ನಿನ ಸದ್ದು ಬೀದಿಗೇ ಕೇಳುತ್ತಿತ್ತು. ಮುಖಕ್ಕೆ ಟವೆಲ್ ಸುತ್ತಿಕೊಂಡು ಅವನೊಬ್ಬನೇ ಕೂತು ಕಲ್ಲು ಕೊಯ್ಯುತ್ತಿದ್ದ. ವಾರವಿಡೀ ಪೇಟೆಯ ಹೊಸ ಮನೆಗಳಲ್ಲಿ ಅಡುಗೆ ಕಟ್ಟೆ, ಮೆಟ್ಟಿಲು ಕೂರಿಸುವವನು, ಭಾನುವಾರ ವಿಹಾರದ ನೆಲ ಹಾಸುತ್ತಿದ್ದ, ಅದೂ ಬಿಟ್ಟಿಯಾಗಿ. ಊರಿನ ಅರ್ಧದಷ್ಟು ಮನೆಗಳ ಒಲೆಕಟ್ಟೆಯ ಕಲ್ಲು ಅವನದೇ ಕೈಯದು ಎಂದು ಅಲ್ಲಿದ್ದ ಹಿರಿಯರೊಬ್ಬರು ಹೆಮ್ಮೆಯಿಂದ ಹೇಳಿದರು. ಸಿದ್ದರಾಜು ಮಿಷನ್ ನಿಲ್ಲಿಸಿ ಎದ್ದು ಬಂದ. ತಲೆ, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ.

“ಏನೋ ಸಿದ್ದರಾಜು, ಮೂವತ್ತಕ್ಕೇ ಮುದುಕ ಆಗ್ಬಿಟ್ಟಾ?” ಎಂದು ತಮಾಷೆ ಮಾಡಿದೆ.

ನಕ್ಕ. ನಗುತ್ತಾ ಕೆಮ್ಮಿದ. ನೀರು ಹಾಕಿಕೊಂಡು ಕೊಯ್ದರೆ ಇಷ್ಟು ಧೂಳು ಏಳುವುದಿಲ್ಲವಲ್ಲ ಎಂದೆ. “ನೀರಾಕಿದ್ರೆ ರಾಡಿಯಾಯ್ತದೆ ಸಾ. ಸುಣ್ಣ ಬಳ್ದಿರೋ ಗೋಡೆಗೆಲ್ಲ ಎರಚ್ತದೆ, ಮನೆಯವ್ರು ಬೈತಾರೆ. ಕಿಟಕಿ ಬಾಗ್ಲು ಹಾಕ್ಕೊಂಡು ಒಣಕ್ಲೇ ಕುಯ್ಯದು ನಾವು,” ಎಂದ. ಅದು ಅವರೆಲ್ಲರ ರೂಢಿ. ವಿಹಾರದ ಗೋಡೆಗೂ ಆಗಲೇ ಬಣ್ಣ ಬಳಿದಾಗಿತ್ತು. ನಾನು ಹೂಂಗುಟ್ಟಿ, ಸುಧಾ ಮನೆಯಲ್ಲಿ ಕೊಟ್ಟಿದ್ದ ಮಾತ್ರೆಯ ಖಾಲಿ ಸ್ಟ್ರಿಪ್ಪುಗಳನ್ನು ಎಣಿಸಿ, ಕಾರ್ಡಿನಲ್ಲಿ ಟಿಕ್ ಹಾಕಿ ಬೈಕ್ ಹತ್ತಿದೆ. ರೋಗದ ಕಾರಣ ಅವನ ರೆಪ್ಪೆಯ ಮೇಲೆ ಕೂತಿತ್ತು, ನಾನು ಅದನ್ನು ನೋಡಿ ಹಾಸ್ಯ ಮಾಡಿ ಬಂದಿದ್ದೆ.

ಆರು ತಿಂಗಳು ಮುಗಿಯಿತು. ಕಾರ್ಡಿನಲ್ಲಿ ‘ಚಿಕಿತ್ಸೆ ಪೂರ್ಣ’ ಎಂದು ಬರೆದೆ. ಅದಾದ ಸ್ವಲ್ಪ ದಿನಕ್ಕೆ ನನಗೆ ಅದೇ ಸಂಸ್ಥೆಯ ತಿ. ನರಸೀಪುರದ ಕ್ಲಿನಿಕ್ಕಿಗೆ ವರ್ಗವಾಯಿತು. ಸಿದ್ದರಾಜುವಿನ ಕೆಮ್ಮು ನಿಲ್ಲದಿದ್ದಾಗ, ನನ್ನ ಜಾಗಕ್ಕೆ ಬಂದವರು ಅದೇ ಕಾರ್ಡ್ ನೋಡಿ ಎರಡನೇ ಸಲ ಮಾತ್ರೆ ಶುರುಮಾಡಿಸಿದ್ದು ನನಗೆ ಆಮೇಲೆ ಗೊತ್ತಾಯಿತು.

ನರಸೀಪುರದಲ್ಲಿ ನಮಗೊಂದು ತರಬೇತಿ ಇಟ್ಟಿದ್ದರು. ಮೈಸೂರಿನಿಂದ ಬಂದಿದ್ದ ಎದೆರೋಗ ತಜ್ಞರು ಒಂದು ಎಕ್ಸ್‌-ರೇ ತೋರಿಸಿ ಏನಿದು ಎಂದು ಕೇಳಿದರು. ನಾವೆಲ್ಲ ಒಕ್ಕೊರಲಿನಿಂದ “ಟಿಬಿ” ಎಂದೆವು. “ಈತ ಏನು ಕೆಲಸ ಮಾಡ್ತಾನೆ ಅಂತ ಒಬ್ಬರೂ ಕೇಳಲಿಲ್ಲವಲ್ಲ,” ಎಂದರು ಅವರು. ಆ ಮನುಷ್ಯ ಕಲ್ಲು ಕೊಯ್ಯುವವನು, ರೋಗ ಸಿಲಿಕೋಸಿಸ್. ಕಲ್ಲಿನ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತು ಗಾಯ ಮಾಡಿ ಅದನ್ನು ಗಟ್ಟಿಯಾಗಿಸುತ್ತಾ ಹೋಗುತ್ತದೆ. ಬೇಗ ಗೊತ್ತಾದರೆ ಧೂಳಿನ ಕೆಲಸ ಬಿಡಿಸಿ ಬದುಕನ್ನು ಉದ್ದ ಮಾಡಬಹುದು, ಬಂದದ್ದನ್ನು ವಾಸಿ ಮಾಡಲಾಗುವುದಿಲ್ಲ. ಅವರು ಇನ್ನೂ ಹೇಳುತ್ತಿದ್ದರು. ನಾನು ಎದ್ದು ಹೊರಗೆ ಬಂದು ಸಿದ್ದರಾಜುವಿಗೆ ಫೋನ್ ಮಾಡಿದೆ. ನಾಲ್ಕು ಮಾತಾಡುವಷ್ಟರಲ್ಲಿ ಅವನಿಗೆ ಏದುಸಿರು ಬರುತ್ತಿತ್ತು. ಆಗಲೂ ಕೆಲಸಕ್ಕೆ ಹೋಗುತ್ತಿದ್ದ.

ನಾನೇ ಮೈಸೂರಿಗೆ ಕರೆದುಕೊಂಡು ಹೋದೆ. ಸಿಟಿ ಸ್ಕ್ಯಾನ್ ಆಯಿತು. ತಜ್ಞರು ಅವನನ್ನು ಎದುರಿಗೆ ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದರು: ಇದು ಕ್ಷಯವಲ್ಲ, ಇದಕ್ಕೆ ಔಷಧಿ ಇಲ್ಲ, ಇದು ಯಾರಿಗೂ ಅಂಟುವುದಿಲ್ಲ. ಅವನಿಗೆ ಕೇಳಿಸಿದ್ದು ಕೊನೆಯದೊಂದೇ.

“ಅಂಟಾಕಿಲ್ವಾ ಸಾ? ಅಂಗಾರೆ ಮಗೀನ ಎತ್ಕೋಬೋದಾ?”

ಅವನ ಮುಖ ಅರಳಿತ್ತು. ಹದಿನಾಲ್ಕು ತಿಂಗಳಿಂದ ಅವನು ಮಗಳನ್ನು ಮುಟ್ಟಿರಲಿಲ್ಲ. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಸಂಜೆ ಮನೆ ಮುಟ್ಟಿದಾಗ ಮೈತ್ರಿ ಜಗುಲಿಯ ಮೇಲಿದ್ದಳು. ಮೂರು ವರ್ಷ ದಾಟಿದ ಹುಡುಗಿ, ಅಪ್ಪ ಬಂದರೆ ಹಿಂದೆ ಸರಿದು ನಿಲ್ಲುವುದನ್ನು ಕಲಿತಿದ್ದಳು. ಸಿದ್ದರಾಜು ಬಗ್ಗಿ ಎರಡೂ ಕೈ ಹಾಕಿ ಎತ್ತಲು ನೋಡಿದ. ಉಸಿರು ಸಾಲಲಿಲ್ಲ, ಅಲ್ಲೇ ಕುಸಿದು ಕೂತ. ಕಲ್ಲುಚಪ್ಪಡಿ ಹೊರುತ್ತಿದ್ದ ಆಳು ಅವನು. ಕೊನೆಗೆ ಸುಧಾ ಮಗುವನ್ನು ಎತ್ತಿ ಅವನ ತೊಡೆಯ ಮೇಲೆ ಕೂರಿಸಿದಳು.

ನಾನು ತಡೆಯಲಾಗದೆ ಹೇಳಿದೆ: “ನಿನ್ನ ಕೆಲಸ ಏನು ಅಂತ ನಾನು ಕೇಳಬೇಕಿತ್ತು ಸಿದ್ದರಾಜು. ತಪ್ಪು ನನ್ನದು.”

“ನೀವು ಕೇಳ್ನಿಲ್ಲ, ನಾನೂ ಯೋಳ್ನಿಲ್ಲ. ಬುಡಿ ಸಾ,” ಎಂದ.

ಅವನಿಗೆ ಇನ್ನು ಉಳಿದಿದ್ದು ಒಂದು ವರ್ಷ. ಆ ವರ್ಷದಲ್ಲಿ ಜೊತೆಯ ಕೆಲಸಗಾರರಿಗೆಲ್ಲ ಮಲಗಿದ್ದಲ್ಲಿಂದಲೇ ಫೋನ್ ಮಾಡಿದ. “ಗೋಡೆ ಕೆಟ್ರೆ ಕೆಡ್ಲಿ ಕಣ್ಲಾ, ನೀರಾಕ್ಕೊಂಡು ಕುಯ್ರಿ,” ಎಂದು ಬೈದು ಹೇಳಿದ. ಹನ್ನೊಂದು ಜನರನ್ನು ಎಕ್ಸ್‌-ರೇಗೆ ಕಳಿಸಿದ. ಮೂವರಲ್ಲಿ ರೋಗ ಆಗತಾನೆ ಶುರುವಾಗಿತ್ತು. ಮೂವರೂ ಆ ಕೆಲಸ ಬಿಟ್ಟರು, ಈಗಲೂ ಓಡಾಡಿಕೊಂಡಿದ್ದಾರೆ. ಸಿದ್ದರಾಜು ಮೂವತ್ತೊಂದನೇ ವಯಸ್ಸಿಗೆ ಹೋದ. ವಿಹಾರದಲ್ಲಿ ಅವನು ಹಾಸಿದ ನೆಲದ ಮೇಲೆಯೇ ಅವನನ್ನು ಮಲಗಿಸಿದ್ದರು. ಆ ದಿನ ನಾನು ಅತ್ತದ್ದನ್ನು ಮುಚ್ಚಿಟ್ಟುಕೊಳ್ಳಲಿಲ್ಲ.

ನಿವೃತ್ತನಾದ ಮೇಲೆ ಒಂದು ಸಲ ಬನ್ನೂರಿನ ಹತ್ತಿರ ಸುಧಾಳ ತವರಿಗೆ ಹೋಗಿದ್ದೆ. ಅವಳು ಅಲ್ಲಿ ಬಟ್ಟೆ ಹೊಲಿಯುತ್ತಾಳೆ, ಮೈತ್ರಿ ಶಾಲೆಗೆ ಹೋಗುತ್ತಾಳೆ. ಮಾತಿಗೆ ಮಾತು ಬಂದು ನಾನು ಅಂದೆ: “ಅವತ್ತು ಅವನು ಒಂದು ಮಾತು ಹೇಳಿದ್ದರೆ ಎಷ್ಟು ಚೆನ್ನಾಗಿತ್ತಮ್ಮ.”

ಅವಳು ಮಿಷನ್ ತುಳಿಯುವುದನ್ನು ನಿಲ್ಲಿಸಿದಳು.

“ಯೋಳಿದ್ರು ಸಾ. ಮೊದ್ಲ ದಿನ್ವೇ ‘ಗ್ರಾನೈಟ್ ಕುಯ್ತೀನಿ ಸಾ’ ಅಂದ್ರು. ನೀವು ಬರ್ಕೋತಾ ಇದ್ರಿ, ತಲೆ ಎತ್ನಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದಿ.”

“ಮತ್ತೆ ಹೇಳಲಿಲ್ಲ ಅಂದನಲ್ಲಮ್ಮ?”

“ನಿಮ್ಗೆ ನೋವಾಯ್ತದೆ ಅಂತ ಸಾ.”

ಈಗಲೂ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಪಾಠ ಹೇಳಲು ನನ್ನನ್ನು ಕರೆಯುತ್ತಾರೆ. ರೋಗಿಯ ಕಸುಬು ಕೇಳಿ, ಕೇಳಿದ ಮೇಲೆ ಪೆನ್ನು ಕೆಳಗಿಟ್ಟು ಅವರ ಮುಖ ನೋಡಿ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಿರಿ ಎನ್ನುತ್ತೇನೆ. ಇಷ್ಟು ಸಣ್ಣ ವಿಷಯವನ್ನು ಇವರು ಯಾಕೆ ಹತ್ತು ಸಲ ಹೇಳುತ್ತಾರೆ ಎಂದು ಹುಡುಗರು ನಗುತ್ತಾರೆ. ಕಾರಣವನ್ನು ಅವರಿಗೆ ಹೇಳುವ ಧೈರ್ಯ ಇದುವರೆಗೂ ಬಂದಿರಲಿಲ್ಲ. ಈಗ ಬರೆದಿದ್ದೇನೆ.