ಗ್ಯಾರೇಜಿನಲ್ಲಿ ಇಪ್ಪತ್ತೈದೂವರೆ

ನಮ್ಮ ಭಾವ ಮೂವತ್ತು ವರ್ಷ ಫ್ರಿಜ್ ರಿಪೇರಿ ಮಾಡಿದವರು. ಬೀದಿಯವರ ಬಾಯಲ್ಲಿ ಅವರು ತಂಪಣ್ಣ. ಹೆಸರೇನೋ ತಂಪು, ಮಾತು ಮಾತ್ರ ಖಾರ. ಯಾರದೇ ಫ್ರಿಜ್ಜಾಗಲಿ, ಬಾಗಿಲು ತೆಗೆಯದೆ, ಬರೀ ಸದ್ದು ಕೇಳಿ ರೋಗ ಹೇಳಿಬಿಡುತ್ತಿದ್ದರು. ಹೆಂಡತಿ ಹೇಳಿದ್ದು ಮಾತ್ರ ಅದೇ ಕಿವಿಗೆ ಬೀಳುತ್ತಿರಲಿಲ್ಲ.

ಮನೆಯ ಹಜಾರದಲ್ಲಿ ಉಪ್ಪುನೀರಿನ ತೊಟ್ಟಿ, ಅದರಲ್ಲಿ ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು. ತಂದವರು ಭಾವ, ಹನ್ನೊಂದು ವರ್ಷ ಸಾಕಿದವಳು ಅಕ್ಕ. ಅವಳ ಹೊಲಿಗೆ ಯಂತ್ರ ತೊಟ್ಟಿಯ ಪಕ್ಕದಲ್ಲೇ ಇತ್ತು. ಅವಳು ಬೆರಳು ಅದ್ದಿದರೆ ಸಾಕು, ಎರಡೂ ಓಡಿ ಬರುತ್ತಿದ್ದವು. ನಾನು ಅದ್ದಿದರೆ ಕಲ್ಲಿನ ಹಿಂದೆ ಅಡಗುತ್ತಿದ್ದವು. ಮನುಷ್ಯರ ಬೆಲೆ ಅವಕ್ಕೆ ಚೆನ್ನಾಗಿ ಗೊತ್ತಿತ್ತು.

ಸಮುದ್ರದ ಮೀನಿಗೆ ನೀರಿನ ಬಿಸಿ ಏರಿಳಿಯಬಾರದು. ಅದಕ್ಕೆಂದು ತೊಟ್ಟಿಯ ಕೆಳಗೆ ಇಟ್ಟಿದ್ದ, ನೀರು ತಣ್ಣಗಿಡುವ ಚಿಲ್ಲರ್ ದಿನವಿಡೀ ಗುರುಗುಟ್ಟಿ ಅಕ್ಕನಿಗೆ ತಲೆನೋವು ಬಂತು. ಭಾವ ಗೋಡೆಗೆ ತೂತು ಕೊರೆದು ಅದನ್ನು ಗ್ಯಾರೇಜಿಗೆ ಸಾಗಿಸಿ, ಅಲ್ಲಿ ಇನ್ನೊಂದು ತೊಟ್ಟಿ ಇಟ್ಟರು. ಕಾರು ಬೀದಿಗೆ ಬಿತ್ತು. ಹಜಾರದ ನೀರು ಒಂದು ಪೈಪಿನಲ್ಲಿ ಗ್ಯಾರೇಜಿನ ತೊಟ್ಟಿಗೆ ಇಳಿದು, ಅಲ್ಲಿ ತಂಪಾಗಿ, ಪಂಪಿನಿಂದ ಮತ್ತೆ ಹಜಾರಕ್ಕೆ ಬರಬೇಕು. ಸುರಿಯುವ ಸದ್ದೂ ಬೇಡವೆಂದು ಪೈಪಿನ ಬಾಯಿಯನ್ನು ನೀರಿನೊಳಗೇ ಮುಳುಗಿಸಿದರು. ನೀರಿನ ಬಿಸಿ ಅಳೆಯುವ ಮೀಟರಿನ ತಂತಿಯನ್ನು ಗ್ಯಾರೇಜಿನ ತೊಟ್ಟಿಗೆ ಬಿಟ್ಟರು. ತಪ್ಪಾದದ್ದು ಅಲ್ಲೇ, ಆದರೆ ಅದು ಯಾರಿಗೂ ಹೊಳೆಯಲಿಲ್ಲ.

ಆ ಭಾನುವಾರ ಸುಡುಬಿಸಿಲು. ನಾನು ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಅಕ್ಕ ತೊಟ್ಟಿಯ ಮುಂದೆ ನಿಂತಿದ್ದಳು.

"ರೀ, ನೀರು ಬಿಸಿಯಾಗಿದೆ. ನಾನು ಕೈಯಿಟ್ಟು ನೋಡಿದೆ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ."

ಭಾವ ಗ್ಯಾರೇಜಿಗೆ ಹೋಗಿ ಮೀಟರ್ ನೋಡಿಕೊಂಡು ಬಂದರು. "ಇಪ್ಪತ್ತೈದೂವರೆ ಡಿಗ್ರಿ, ಸರಿಯಾಗೇ ಇದೆ. ಜ್ವರ ನಿನಗೇ ಬಂದಿರ್ಬೇಕು ನೋಡ್ಕೋ."

ನಾನು ನಕ್ಕೆ.

ಊಟವಾದ ಮೇಲೆ ಅವಳು ಮತ್ತೆ ಹೇಳಿದಳು. ಭಾವ ರೇಗಿದರು. "ಮೂವತ್ತು ವರ್ಷ ಇದೇ ಕೆಲಸ ಮಾಡಿದ್ದೀನಿ. ನನಗೇ ಹೇಳಿಕೊಡ್ತೀಯಾ?"

ಅವಳು ನನ್ನತ್ತ ತಿರುಗಿದಳು. "ನೀನಾದ್ರೂ ಬಂದು ಒಂದ್ಸಲ ಕೈಯಿಟ್ಟು ನೋಡೋ."

"ಭಾವನಿಗಿಂತ ನನಗೆ ಗೊತ್ತೇನಕ್ಕಾ?" ಎಂದೆ. ಕುರ್ಚಿಯಿಂದ ತೊಟ್ಟಿಗೆ ನಾಲ್ಕೇ ಹೆಜ್ಜೆ. ಹೊಟ್ಟೆ ತುಂಬಿತ್ತು, ಏಳಲಿಲ್ಲ.

ಸಂಜೆಗೆ ಎರಡೂ ಮೀನು ತೇಲುತ್ತಿದ್ದವು. ಹಿಂದಿನ ರಾತ್ರಿಯೇ ಪಂಪಿಗೆ ಉಪ್ಪು ಕಟ್ಟಿ ಅದು ನಿಂತುಹೋಗಿತ್ತು; ಪೈಪು ಮೊದಲೇ ಸದ್ದಿಲ್ಲದ್ದು, ಹಾಗಾಗಿ ಯಾರಿಗೂ ತಿಳಿಯಲಿಲ್ಲ. ಗ್ಯಾರೇಜಿನ ನೀರು ಅಲ್ಲೇ ಚಿಲ್ಲರಿನಲ್ಲಿ ಸುತ್ತಿ ತಂಪಾಗಿತ್ತು, ಹಜಾರದ ನೀರು ನಿಂತಲ್ಲೇ ಬಿಸಿಯಾಗುತ್ತಿತ್ತು. ಮೀಟರ್ ಸುಳ್ಳು ಹೇಳಿರಲಿಲ್ಲ. ಮೀನೇ ಇಲ್ಲದ ನೀರಿನ ಲೆಕ್ಕ ಕೊಟ್ಟಿತ್ತು, ಅಷ್ಟೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಆ ದೊಣ್ಣೆಗೆ ನಾನೂ ಒಂದು ಕೈ ಹಾಕಿದ್ದೆ.

ಅಕ್ಕ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹೊಲಿಗೆ ಯಂತ್ರವನ್ನು ಒಳಕೋಣೆಗೆ ತಳ್ಳಿಕೊಂಡು ಹೋದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ತಾನಾಗಿ ಏನೂ ಹೇಳುತ್ತಿರಲಿಲ್ಲ. ಭಾವ ಎರಡೇ ವಾರದಲ್ಲಿ ಸೊರಗಿಹೋದರು.

ಒಂದು ದಿನ ಗ್ಯಾರೇಜಿನಲ್ಲಿ ಪೈಪು ಬಿಚ್ಚುತ್ತಿದ್ದ ಭಾವನ ಪಕ್ಕ ಹೋಗಿ ಕುಳಿತೆ. "ಒಂದ್ಸಲ ಕೈ ಹಾಕಿ ನೋಡಬಹುದಿತ್ತಲ್ಲ ಭಾವ?" ಎಂದು ಕೇಳಿಯೇಬಿಟ್ಟೆ.

ಅವರು ಬೆರಳುಗಳನ್ನು ಬೆಳಕಿಗೆ ಹಿಡಿದರು. "ನೋಡಿದ್ರೂ ಏನೂ ಗೊತ್ತಾಗ್ತಿರ್ಲಿಲ್ಲ ಕಣೋ. ಮಂಜು, ಗ್ಯಾಸು ಅಂತ ಇವು ಸತ್ತು ಎಷ್ಟೋ ವರ್ಷ ಆಯ್ತು. ಬಿಸಿ ಯಾವ್ದು, ತಣ್ಣಗೆ ಯಾವ್ದು, ಒಂದೂ ತಿಳಿಯಲ್ಲ. ಅದಕ್ಕೇ ಎಲ್ಲದಕ್ಕೂ ಮೀಟರು. ತಂಪಣ್ಣನಿಗೆ ತಂಪೇ ಗೊತ್ತಾಗಲ್ಲ ಅಂದ್ರೆ ಯಾರಾದ್ರೂ ಕೆಲಸ ಕೊಡ್ತಾರಾ?"

"ಅಕ್ಕನಿಗೆ ಹೇಳಿಬಿಡಿ."

"ಈಗ ಹೇಳಿದ್ರೆ ನೆಪ ಹೇಳಿದ ಹಾಗಾಗುತ್ತೆ. ಬೇಡ."

ನನಗೆ ತಡೆಯಲಾಗಲಿಲ್ಲ. ಒಳಕೋಣೆಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಗೊತ್ತು" ಎಂದಳು. "ಹತ್ತು ವರ್ಷದಿಂದ ಗೊತ್ತು. ಕುದಿಯೋ ಲೋಟ ಹಿಡ್ಕೊಂಡು ಆರಾಮಾಗಿ ಕೂತಿರ್ತಾರೆ, ನನಗೆ ಗೊತ್ತಾಗಲ್ವಾ? ಅವರ ಬಾಯಿಂದ ಬರ್ಲಿ ಅಂತ ಸುಮ್ಮನಿದ್ದೆ. ಅವರಿಗೆ ಗೊತ್ತಾಗಲ್ಲ ಅಂತಾನೇ ಆವತ್ತು ನಿನ್ನನ್ನ ಕರೆದಿದ್ದು."

ಅವಳು ದಾರದ ತುದಿಗೆ ಗಂಟು ಹಾಕಿ ಬಟ್ಟೆಯನ್ನು ತೊಡೆಯ ಮೇಲೆಳೆದುಕೊಂಡಳು.

"ಅವರಿಗೆ ಬೆರಳಿರ್ಲಿಲ್ಲ. ನಿನಗಿತ್ತಲ್ಲೋ."