ಡಿ ಹೊರಗಿನ ಚೆಂಡು

ಬೆಳಿಗ್ಗೆ ಎದ್ದು ಮಂಡಿಗೆ ಮುಲಾಮು ತಿಕ್ಕಿಕೊಳ್ಳದೆ ಈಗೀಗ ನನ್ನ ದಿನ ಶುರುವಾಗುವುದಿಲ್ಲ. ಇವತ್ತು ಔಷಧಿ ಅಂಗಡಿಯವರು ಯಾವುದೋ ಹಳೇ ಘಾಟಿನ ಡಬ್ಬಿ ಕೊಟ್ಟಿದ್ದರು. ಮುಚ್ಚಳ ತೆಗೆದದ್ದೇ ತಡ, ನಾನು ಸಾಗರದ ಮೈದಾನದಲ್ಲಿ, ಶಾಮಿಯಾನದ ಕೆಳಗೆ, ಹುಡುಗಿಯರ ತರಚಿದ ಮೊಣಕಾಲುಗಳ ನಡುವೆ ಕೂತಿದ್ದೆ. ನಗಬೇಡಿ. ಇಷ್ಟು ವರ್ಷ ವ್ಯಾಯಾಮ ಶಿಕ್ಷಕಿಯಾದವಳಿಗೆ ಮಲ್ಲಿಗೆ ಪರಿಮಳದಿಂದ ಏನೂ ನೆನಪಾಗುವುದಿಲ್ಲ, ಇಂಥದ್ದರಿಂದಲೇ ಆಗುವುದು.

ಮೂರು ವರ್ಷದ ಹಿಂದಿನ ಮಾತು. ಹೆಣ್ಣುಮಕ್ಕಳ ಐದೈದು ಜನರ ಹಾಕಿ, ನಮ್ಮ ಭಾಗದ ಅರ್ಹತಾ ಪಂದ್ಯಾವಳಿ. ಗೆದ್ದ ತಂಡ ಮುಂದಿನ ಸುತ್ತಿಗೆ, ಉಳಿದವರು ಬಸ್‌ಸ್ಟ್ಯಾಂಡಿಗೆ. ನಾನು ತೀರ್ಥಹಳ್ಳಿಯ ತಂಡ ಕರೆದುಕೊಂಡು ಹೋಗಿದ್ದೆ. ಹನ್ನೊಂದು ಜನರ ಹಾಕಿಯನ್ನೇ ಆಡಿ, ಅದನ್ನೇ ಕಲಿಸಿದವಳಿಗೆ ಈ ಪುಟ್ಟ ಅಂಗಳ, ಸುತ್ತಲಿನ ಗಿಡ್ಡ ಹಲಗೆ ಎಲ್ಲ ಊಟಕ್ಕೆ ಕರೆದು ತಿಂಡಿ ಕೊಟ್ಟ ಹಾಗೆ ಕಂಡಿತ್ತು. ನಿಯಮದ ಹಾಳೆ ಬಂದಾಗ ಹುಡುಗಿಯರಿಗೆಲ್ಲ ಹಂಚಿದೆ. ನಾನು ಮಾತ್ರ ಮೊದಲ ಪುಟ ನೋಡಿ, ಉಳಿದದ್ದು ಗೊತ್ತಿರುವುದೇ ಅಂತ ಮಡಚಿ ಬ್ಯಾಗಿಗೆ ತುರುಕಿದೆ. ನನಗೇ ಹಾಕಿ ಹೇಳಿಕೊಡಲು ಬಂದರಲ್ಲ ಅನ್ನುವ ಕೊಬ್ಬು!

ಗೋಲಿಗೆ ನಿಂತವಳು ಮೇಳಿಗೆಯ ಪದ್ಮ. ಜೈನರ ಮನೆಯ ಹುಡುಗಿ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು ಅಂತ ಸಂಜೆಯ ಅಭ್ಯಾಸದಿಂದ ಬೇಗ ಓಡುತ್ತಿದ್ದಳು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದಿರುತ್ತಿದ್ದಳು. ಎರಡು ವರ್ಷ ಬರೀ ಬೆಂಚಿನಲ್ಲಿ ಕೂತು, ಆ ಸಲ ಮೊದಲ ಬಾರಿ ಅವಳಿಗೆ ಜಾಗ ಸಿಕ್ಕಿತ್ತು.

ಫೈನಲ್ ಹೊಸನಗರದವರ ಮೇಲೆ. ಅವಳಿಗೆ ಪ್ಯಾಡ್ ಕಟ್ಟುತ್ತಾ ಕಿವಿಮಾತು ಹೇಳಿದೆ. ಹಳೇ ಹಾಕಿಯಲ್ಲಿ ಗೋಲಿನ ಮುಂದೆ ಅರ್ಧವೃತ್ತ ಇರುತ್ತದೆ, ಡಿ ಅನ್ನುತ್ತೇವೆ. ಅದರ ಹೊರಗಿಂದ ಹೊಡೆದ ಚೆಂಡು ಯಾರಿಗೂ ತಾಗದೆ ಒಳಗೆ ಹೋದರೆ ಗೋಲಲ್ಲ. "ದೂರದಿಂದ ಹೊಡೆದ್ರೆ ಮುಟ್ಬೇಡ, ಬಿಟ್ಬಿಡು. ಚೆಂಡು ನಮ್ದಾಗುತ್ತೆ." ಅಂಗಳದಲ್ಲಿ ಡಿ ಗೆರೆಯೇ ಇರಲಿಲ್ಲ. ಸಾಗರದವರಿಗೆ ಸುಣ್ಣ ಸಾಲಲಿಲ್ಲವೇನೋ ಅಂದುಕೊಂಡೆ. "ಅಂದಾಜಲ್ಲಿ ನೋಡ್ಕೋ" ಅಂತಲೂ ಸೇರಿಸಿದೆ. ಪದ್ಮ ಏನೋ ಹೇಳಲು ಬಾಯಿ ತೆರೆದು, ಸುಮ್ಮನಾದಳು.

ಮೊದಲ ಗೋಲು ನಮ್ಮದೇ ಆಗಿತ್ತು. ಮೊದಲರ್ಧ ಮುಗಿಯುವ ಹೊತ್ತಿಗೆ ಹೊಸನಗರದ ಹುಡುಗಿಯೊಬ್ಬಳು ಅಂಗಳದ ನಡುವಿನಿಂದಲೇ ಬೀಸಿ ಹೊಡೆದಳು. ಪದ್ಮ ಹಿರಿಯರಿಗೆ ದಾರಿ ಬಿಡುವ ಹಾಗೆ ಪಕ್ಕಕ್ಕೆ ಸರಿದಳು. ಚೆಂಡು ಬಲೆಯೊಳಗೆ. ಅಂಪೈರ್ ಸೀಟಿ ಊದಿ ಗೋಲು ಕೊಟ್ಟರು. ನಾನು ಜಗಳಕ್ಕೇ ಹೋದೆ.

"ಇದ್ರಲ್ಲಿ ಡಿ ಇಲ್ಲ ಮೇಡಂ. ಎಲ್ಲಿಂದ ಹೊಡೆದ್ರೂ ಗೋಲೇ. ಹಾಳೆ ಬಂದಿತ್ತಲ್ಲ?" ಅಂದರು ಅವರು.

ವಿರಾಮದಲ್ಲಿ ನಮ್ಮ ಕ್ಯಾಪ್ಟನ್, ಅರಳಸುರಳಿಯ ನಾಗವೇಣಿ, ಸ್ಟಿಕ್ಕು ಎಸೆದು ಕೂಗಾಡಿದಳು. "ಎಂತದೇ ಮಾರಾಯ್ತಿ ಅದು, ನಿಂತ್ಕಂಡು ನೋಡ್ತಾ ಇದ್ಯಲ್ಲ! ಟೀಚರ್, ಇವಳನ್ನ ತೆಗೀರಿ." ಪದ್ಮ ಹೆಲ್ಮೆಟ್ಟು ತೆಗೆದು ಇನ್ನೊಬ್ಬ ಗೋಲ್‌ಕೀಪರ್ ಕಡೆ ಚಾಚಿದಳು. ಅದನ್ನು ಈಗ ಕೊಟ್ಟರೆ ಈ ಹುಡುಗಿ ಮತ್ತೆ ಮೈದಾನಕ್ಕೆ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಮರ್ಯಾದೆ ಉಳಿಯುತ್ತದೆ ಅಂತಲೂ ಗೊತ್ತಿತ್ತು. ಸುಳ್ಳೇಕೆ, ಅರ್ಧ ನಿಮಿಷ ಮುಚ್ಚಿಕೊಂಡೇ ಇದ್ದೆ.

ಆಮೇಲೆ ಹೇಳಿದೆ. "ಅವಳದ್ದೇನೂ ತಪ್ಪಿಲ್ಲ ಕಣ್ರೇ. ಬಿಡು ಅಂದಿದ್ದು ನಾನು. ನಾನು ಹಾಳೆ ಓದೇ ಇಲ್ಲ."

"ನಾನು ಓದಿದ್ದೆ ಟೀಚರ್," ಅಂದಳು ಪದ್ಮ, ಮೆಲ್ಲಗೆ.

"ಮತ್ತೆ ಎಂತಕ್ಕೆ ಬಿಟ್ಟೆ?"

"ನೀವು ಹೇಳಿದ್ರಲ್ಲ."

ನನಗೆ ನಾಚಿಕೆಯಾಯಿತು. ಹೇಳಿದ ಮಾತು ಮೀರದ ಮಕ್ಕಳು ಅಂತ ಊರೆಲ್ಲ ಹೊಗಳಿಕೊಂಡು ತಿರುಗಿದವಳು ನಾನೇ. "ಇನ್ಮೇಲೆ ನಾನು ತಪ್ಪು ಹೇಳಿದ್ರೆ ಅಲ್ಲೇ ಹೇಳ್ಬೇಕು, ತಿಳೀತಾ?" ಅಂದೆ.

"ಈಗ್ಲೇ ಹೇಳ್ಲಾ? ಪ್ಯಾಡು ಎಡದ್ದು ಬಲಕ್ಕೆ ಕಟ್ಟಿದ್ದೀರಿ."

ನಾಗವೇಣಿಯೇ ಮೊದಲು ನಕ್ಕದ್ದು. ನಕ್ಕವಳೇ ಮಂಡಿಯೂರಿ ಕೂತು ಎರಡನ್ನೂ ಬಿಚ್ಚಿ ಸರಿಯಾಗಿ ಕಟ್ಟಿದಳು. ದ್ವಿತೀಯಾರ್ಧದಲ್ಲಿ ಅಂಥದೇ ಮೂರು ಹೊಡೆತ ಬಂದವು, ಪದ್ಮ ಮೂರನ್ನೂ ತಡೆದಳು. ಒಂದು ಅವಳ ಕಾಲಿಗೆ ಬಡಿದು, ಹಲಗೆಗೆ ಪುಟಿದು ನಾಗವೇಣಿಗೆ ಸಿಕ್ಕಿ ಅದೇ ನಮ್ಮ ಗೆಲುವಿನ ಗೋಲಾಯಿತು. ಎರಡು–ಒಂದು. ನಾನು ನೆಲದ ಮೇಲೆ ಕೂತು ಅತ್ತೆ. ಹೊಸನಗರದ ಟೀಚರ್ ನೀರಿನ ಬಾಟಲಿ ಹಿಡಿದು ಬಂದು, "ಸೋತಿದ್ದು ನಾವು, ಅಳೋದು ನೀವಾ?" ಅಂದರು. ಗೆದ್ದದ್ದಕ್ಕಲ್ಲ ಅತ್ತದ್ದು ಅಂತ ಅವರಿಗೆ ಹೇಗೆ ಹೇಳಲಿ? ಆ ಅರ್ಧ ನಿಮಿಷ ಇನ್ನೂ ಸ್ವಲ್ಪ ಉದ್ದವಾಗಿದ್ದರೆ, ಅನ್ನಿಸಿ ಜೀವ ಝಲ್ಲೆಂದಿತ್ತು.

ಇದನ್ನೆಲ್ಲ ನೆನೆಯುತ್ತಲೇ ಇವತ್ತು ಸಂಜೆ ಅಭ್ಯಾಸಕ್ಕೆ ಹೋದೆ. ಚೆಂಡು ತಳ್ಳುವುದನ್ನು ತೋರಿಸುತ್ತಿದ್ದಾಗ ಏಳನೇ ಕ್ಲಾಸಿನ ಪುಟಾಣಿಯೊಂದು, "ಟೀಚರ್, ಅದು ಹಂಗಲ್ಲ," ಅಂದಿತು. ಉಳಿದವರೆಲ್ಲ ಉಸಿರು ಬಿಗಿಹಿಡಿದು ನನ್ನ ಮುಖ ನೋಡಿದರು. ಮುಖ ಸ್ವಲ್ಪ ಬಿಸಿಯಾಯಿತು, ಇಲ್ಲವೆನ್ನಲಾರೆ. "ಹೆಂಗೆ, ತೋರ್ಸು," ಅಂದೆ. ಅವಳು ಹೆದರದೆ ತೋರಿಸಿದಳು.